ಪಾಸು ತೋರಿಸಿದ ಹೊರತೋ, ತೋರಿಸದ ಹೊರತೋ?

ಪ್ರಶ್ನೆ: ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತ. ಗೇಟಿನ ಬಳಿ ಹಾಕಲು ಇಂಗ್ಲಿಷಿನಲ್ಲಿ ಒಂದು ಫಲಕ ಬರೆದುಕೊಡುವಂತೆ ಮಾಲೀಕರು ಹೇಳಿದರು. ‘ಅನ್‌ಲೆಸ್ ದಿ ಗೇಟ್ ಪಾಸ್ ಈಸ್ ನಾಟ್ ಶೋನ್, ದಿ ಲಾರಿ ವಿಲ್ ನಾಟ್ ಬಿ ಸೆಂಟ್ ಔಟ್’ ಎಂದು ಬರೆದುಕೊಟ್ಟೆ. ಪಾಸು ತೋರಿಸದ ಹೊರತು ಲಾರಿ ಬಿಡುವುದಿಲ್ಲ ಎಂಬುದು ನನ್ನ ಉದ್ದೇಶ. ಬೆಂಗಳೂರಿನಲ್ಲಿ ಓದುತ್ತಿರುವ ಮಾಲೀಕರ ಮಗ ಅದನ್ನು ನೋಡಿ ನಕ್ಕು, ಅರ್ಥ ತಲೆಕೆಳಗಾಗಿದೆ ಎಂದ. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳಿಗೂ ಇಂಥದೇ ತಪ್ಪಿಗೆ ಅಂಕ ಹೋಗಿದೆ. ‘ಅನ್‌ಲೆಸ್ ಇರುವಲ್ಲಿ ನಾಟ್ ಬರಲೇಬಾರದು’ ಎಂದು ಶಾಲೆಯಲ್ಲಿ ಹೇಳಿದ್ದಾರಂತೆ. ಕನ್ನಡದಲ್ಲಿ ಕಣ್ಣಿಗೆ ಕಾಣುವ ‘ಇಲ್ಲ’ ಇಂಗ್ಲಿಷಿಗೆ ಹೋಗುವಾಗ ಎಲ್ಲಿ ಮಾಯವಾಗುತ್ತದೆ? ಅನ್‌ಲೆಸ್ ಎಂದರೆ ಇಫ್ ನಾಟ್ ಎಂದೇ ಅರ್ಥವೇ? ಅನ್ಟಿಲ್‌ಗೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ನೀವು ಬರೆದದ್ದನ್ನು ಚಾಚೂ ತಪ್ಪದೆ ಪಾಲಿಸುವ ಕಾವಲುಗಾರನೊಬ್ಬ ನಿಮ್ಮ ಗೇಟಿನಲ್ಲಿ ನಿಂತಿದ್ದಾನೆ ಎಂದುಕೊಳ್ಳಿ. ಪಾಸು ಹಿಡಿದು ಬಂದ ಲಾರಿಗಳನ್ನೆಲ್ಲ ಅವನು ತಡೆದು ನಿಲ್ಲಿಸಬೇಕು. ಹೊರಗೆ ಬಿಡುವುದಾದರೆ ಪಾಸು ತೋರಿಸದ ಲಾರಿಯನ್ನು ಮಾತ್ರ ಬಿಡಬಹುದು. ಮಾಲೀಕರ ಮಗ ನಕ್ಕದ್ದು ಈ ಕಾರಣಕ್ಕೆ, ಮತ್ತು ಅಷ್ಟರ ಮಟ್ಟಿಗೆ ಅವನ ಮಾತು ಸರಿ. ಆದರೆ ಆ ನಗುವಿನ ಹಿಂದೆ ‘ಗುಮಾಸ್ತರ ಇಂಗ್ಲಿಷ್ ಇಷ್ಟೇ’ ಎಂಬ ಭಾವ ಇದ್ದರೆ ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ನಿಮ್ಮ ಕೈ ತಪ್ಪಿಸಿದ್ದು ನಿಮ್ಮ ಕನ್ನಡ. ಅದೂ ಒಳ್ಳೆಯ, ದಿನಬಳಕೆಯ ಕನ್ನಡ.

ನಾನೂ ಈ ಗುಂಡಿಗೆ ಬಿದ್ದವನೇ. ರಾಯಚೂರಿನಲ್ಲಿ ಇಂಗ್ಲಿಷ್ ಉಪನ್ಯಾಸಕನಾಗಿ ಸೇರಿದ ಹೊಸದು. ಜ್ವರ ಹಿಡಿದು ಮಲಗಿದ್ದಾಗ ರಜಾ ಅರ್ಜಿಯಲ್ಲಿ, ಗುಣವಾಗದ ಹೊರತು ಕೆಲಸಕ್ಕೆ ಬರಲಾರೆ ಎನ್ನಲು ‘ಅನ್‌ಲೆಸ್ ಐ ಡು ನಾಟ್ ರಿಕವರ್, ಐ ಶಲ್ ನಾಟ್ ಜಾಯಿನ್’ ಎಂದು ಬರೆದು ಕಳಿಸಿದೆ. ಪ್ರಾಂಶುಪಾಲರು ಅರ್ಜಿ ಮಂಜೂರು ಮಾಡಿ ಅಂಚಿನಲ್ಲಿ ಒಂದು ಸಾಲು ಗೀಚಿದ್ದರು: ‘ಹಾಗಾದರೆ ಗುಣವಾಗುವುದು ಬೇಡ, ಸೋಮವಾರ ಪರೀಕ್ಷೆಯ ಕೆಲಸವಿದೆ.’ ಇಂಗ್ಲಿಷ್ ಕಲಿಸಲು ಸಂಬಳ ಪಡೆಯುತ್ತಿದ್ದವನಿಗೆ ಆ ಸಾಲು ಜ್ವರಕ್ಕಿಂತ ಬಿಸಿಯಾಗಿತ್ತು. ಅಂದಿನಿಂದ ಈ ಪದದ ಬೆನ್ನು ಬಿಟ್ಟಿಲ್ಲ.

ತಪ್ಪಿನ ಬೇರು ಕನ್ನಡದ ‘ಹೊರತು’ ಎಂಬ ಪದದಲ್ಲಿದೆ. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ‘ಹೊರ’ ಎಂಬುದರಿಂದ ಬಂದದ್ದು ಹೊರತು. ‘ಸಾಹುಕಾರರ ಹೊರತು ಯಾರೂ ತಿಜೋರಿ ಮುಟ್ಟುವಂತಿಲ್ಲ’ ಎಂದಾಗ ಸಾಹುಕಾರರನ್ನು ಗೆರೆಯ ಹೊರಗೆ ನಿಲ್ಲಿಸಿ, ಉಳಿದವರ ಬಗ್ಗೆ ಮಾತಾಡುತ್ತೇವೆ. ಇಲ್ಲಿ ಯಾರಿಗೂ ಗೊಂದಲವಿಲ್ಲ. ಈಗ ಸಾಹುಕಾರರ ಜಾಗದಲ್ಲಿ ಒಂದು ಕ್ರಿಯೆಯನ್ನು ತಂದು ನಿಲ್ಲಿಸಿ. ಪಾಸು ತೋರಿಸುವುದು ಎಂಬ ಒಂದು ಸಂದರ್ಭವನ್ನು ಗೆರೆಯ ಹೊರಗಿಟ್ಟರೆ, ಉಳಿದ ಯಾವ ಸಂದರ್ಭದಲ್ಲೂ ಲಾರಿ ಬಿಡುವುದಿಲ್ಲ. ಅದನ್ನು ಕನ್ನಡದಲ್ಲಿ ಹೇಗೆ ಹೇಳಬೇಕು? ಲೆಕ್ಕದ ಪ್ರಕಾರ ‘ಪಾಸು ತೋರಿಸಿದ ಹೊರತು ಲಾರಿ ಬಿಡುವುದಿಲ್ಲ’ ಎನ್ನಬೇಕು. ಹೊರಗಿಡುತ್ತಿರುವುದು ತೋರಿಸಿದ ಸಂದರ್ಭವನ್ನು, ತೋರಿಸದ ಸಂದರ್ಭವನ್ನಲ್ಲ.

ಹಿರಿಯರ ಬಾಯಲ್ಲಿ ಈ ರೂಪವನ್ನು ನೀವು ಕೇಳಿರುತ್ತೀರಿ. ‘ನೀನು ಬಂದ ಹೊರತು ನಾನು ಊಟಕ್ಕೆ ಕೂಡುವುದಿಲ್ಲ’, ‘ಕಣ್ಣಾರೆ ಕಂಡ ಹೊರತು ನಂಬಲಾರೆ’. ಇದರ ಅಣ್ಣನೋ ತಮ್ಮನೋ ಆದ ಇನ್ನೊಂದು ರೂಪವೂ ಉಂಟು: ಬಂದಲ್ಲದೆ, ಕಂಡಲ್ಲದೆ, ಕೊಟ್ಟಲ್ಲದೆ. ‘ಬಾಕಿ ಕೊಟ್ಟಲ್ಲದೆ ಎತ್ತು ಬಿಡೆ’ ಎಂದರೆ ಕೊಡುವ ತನಕ ಎತ್ತು ಕಟ್ಟಿಹಾಕುತ್ತೇನೆ ಎಂದೇ ಅರ್ಥ. ಇಲ್ಲೆಲ್ಲ ಕ್ರಿಯೆ ನಿಷೇಧವಿಲ್ಲದ ರೂಪದಲ್ಲೇ ಇದೆ, ನಿಷೇಧವೆಲ್ಲ ‘ಹೊರತು’ ಮತ್ತು ‘ಅಲ್ಲದೆ’ಗಳ ಪಾಲಿಗೆ ಬಂದಿದೆ.

ಆದರೆ ನಾವು ಇಂದು ಹೆಚ್ಚಾಗಿ ಹೇಳುವುದು, ಪತ್ರಿಕೆಗಳಲ್ಲಿ ಓದುವುದು ‘ತೋರಿಸದ ಹೊರತು’, ‘ಬಾರದ ಹೊರತು’ ಎಂದು. ವ್ಯಾಕರಣದವರು ಭೂತ ಕೃದಂತ ಎನ್ನುವ ‘ತೋರಿಸಿದ’ ಜಾಗದಲ್ಲಿ ನಿಷೇಧ ಕೃದಂತವಾದ ‘ತೋರಿಸದ’ ಬಂದು ಕುಳಿತಿದೆ. ಎರಡಕ್ಕೂ ಅರ್ಥ ಒಂದೇ! ‘ನೀನು ಬಂದ ಹೊರತು ಹೋಗುವುದಿಲ್ಲ’, ‘ನೀನು ಬಾರದ ಹೊರತು ಹೋಗುವುದಿಲ್ಲ’ ಎಂಬ ಎರಡು ಮಾತುಗಳನ್ನು ನಿಮ್ಮ ಮನೆಯವರ ಮುಂದೆ ಆಡಿ ನೋಡಿ. ಇಬ್ಬರು ಎರಡು ಅರ್ಥ ಮಾಡಿಕೊಂಡರೆ ನನಗೆ ತಿಳಿಸಿ. ಬಾರದಿದ್ದರೆ, ಬಾರದೆ ಎಂಬ ರೂಪಗಳ ಒಡನಾಟದಿಂದ ಈ ಹೆಚ್ಚುವರಿ ‘ಅದ’ ಹೊರತಿನ ಮಗ್ಗುಲಿಗೂ ಅಂಟಿಕೊಂಡಿತು ಎಂಬುದು ನನ್ನ ತರ್ಕ. ಮನಸ್ಸಿನಲ್ಲಿ ‘ಬಾರದೆ ಹೋದರೆ’ ಎಂಬ ಆತಂಕ ಇರುತ್ತದೆ, ಅದೇ ನಾಲಿಗೆಗೂ ಬರುತ್ತದೆ.

ಇದನ್ನು ಕನ್ನಡದ ದೋಷ ಎಂದು ಯಾರಾದರೂ ಮೂಗು ಮುರಿದರೆ ಫ್ರೆಂಚರನ್ನು ತೋರಿಸಿ. ಅನ್‌ಲೆಸ್‌ಗೆ ಅವರ ಮಾತು ‘ಆ ಮುವ್ಞಾ ಕ’. ಅದರ ಮುಂದಿನ ಕ್ರಿಯಾಪದಕ್ಕೆ ಶಿಷ್ಟ ಫ್ರೆಂಚಿನಲ್ಲಿ ‘ನ’ ಎಂಬ ನಿಷೇಧದ ತುಣುಕೊಂದು ಸೇರುತ್ತದೆ. ಸೇರಿದರೂ ನಿಷೇಧದ ಅರ್ಥ ಕೊಡುವುದಿಲ್ಲ, ಸುಮ್ಮನೆ ಕುಳಿತಿರುತ್ತದೆ. ನಮ್ಮ ‘ತೋರಿಸದ’ದಲ್ಲಿರುವ ‘ಅದ’ ಕೂಡ ಹಾಗೆಯೇ, ಮದುವೆ ಮನೆಯಲ್ಲಿ ಕೆಲಸವಿಲ್ಲದೆ ಓಡಾಡುವ ಬೀಗರ ಹಾಗೆ.

ತೊಂದರೆ ಎಲ್ಲಿ ಎಂದರೆ, ಇಂಗ್ಲಿಷ್ ಈ ಬೀಗರನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಅಲ್ಲಿ ನಾಟ್ ಬಂದರೆ ಕೆಲಸ ಮಾಡಿಯೇ ತೀರುತ್ತದೆ. ‘ತೋರಿಸದ ಹೊರತು’ ಎಂಬುದನ್ನು ಪದಕ್ಕೆ ಪದ ಇಟ್ಟು ಒಯ್ದಾಗ, ಕನ್ನಡದಲ್ಲಿ ನಿದ್ದೆ ಮಾಡುತ್ತಿದ್ದ ನಿಷೇಧ ಇಂಗ್ಲಿಷಿನಲ್ಲಿ ಎದ್ದು ಕೂತು ನಿಮ್ಮ ಲಾರಿಗಳನ್ನೆಲ್ಲ ಅದಲುಬದಲು ಮಾಡಿಬಿಟ್ಟಿತು. ಹಾಗಾಗಿ ಕನ್ನಡದ ‘ಇಲ್ಲ’ ಇಂಗ್ಲಿಷಿನಲ್ಲಿ ಎಲ್ಲಿ ಮಾಯವಾಯಿತು ಎಂಬ ನಿಮ್ಮ ಪ್ರಶ್ನೆಗೆ ಉತ್ತರ: ಅದು ಕನ್ನಡದಲ್ಲೂ ಲೆಕ್ಕಕ್ಕೆ ಇರಲಿಲ್ಲ.

ನಿಮ್ಮ ಮಗಳಿಗೆ ಒಂದು ಸುಲಭದ ದಾರಿ ಹೇಳಿಕೊಡಿ. ಅನ್‌ಲೆಸ್ ಕಂಡ ಕೂಡಲೇ ‘ತೋರಿಸದ ಹೊರತು’ ಎಂದು ಅನುವಾದಿಸುವುದು ಬೇಡ, ಅಜ್ಜಿಯ ಕನ್ನಡದಲ್ಲಿ ‘ತೋರಿಸಿದ ಹೊರತು’ ಎನ್ನಲಿ. ಇಂಗ್ಲಿಷ್ ವಾಕ್ಯ ತಾನಾಗಿಯೇ ನೇರವಾಗುತ್ತದೆ. ಮನೆಯ ಸುತ್ತಮುತ್ತ ತೆಲುಗು ಮಾತಾಡುವವರಿದ್ದರೆ ಇನ್ನೂ ಅನುಕೂಲ. ತೆಲುಗಿನಲ್ಲಿ ‘ನುವ್ವು ವಸ್ತೇ ತಪ್ಪ’ ಎನ್ನುತ್ತಾರೆ. ನೀನು ಬಂದರೆ ತಪ್ಪ, ಅಂದರೆ ನೀನು ಬಂದರೆ ಹೊರತು. ಅನ್‌ಲೆಸ್ಸಿನ ಒಳಗಿನ ಕಟ್ಟು ಇದೇ.

ಈಗ ಇಂಗ್ಲಿಷಿನ ಕಡೆಗೆ ಬರೋಣ. ಅನ್‌ಲೆಸ್ ಎಂಬ ಪದದ ಮೊದಲಿಗೆ ಇರುವ ‘ಅನ್’ ನೋಡಿ ಎಷ್ಟೋ ಜನ ಅದು ಅನ್‌ಹ್ಯಾಪಿ, ಅನ್‌ಫೇರ್ ಎಂಬಲ್ಲಿಯ ನಿಷೇಧದ ‘ಅನ್’ ಎಂದುಕೊಳ್ಳುತ್ತಾರೆ. ಅಲ್ಲ. ಹದಿನೈದನೆಯ ಶತಮಾನದ ಇಂಗ್ಲಿಷಿನಲ್ಲಿ ಅದು ‘ಆನ್ ಲೆಸ್’ ಎಂಬ ಎರಡು ಪದಗಳಾಗಿತ್ತು, ಹಿಂದೆ ‘ದ್ಯಾನ್’ ಕೂಡ ಬರುತ್ತಿತ್ತು. ಆನ್ ಲೆಸ್ ದ್ಯಾನ್ ಎಂದರೆ ‘ಇದಕ್ಕಿಂತ ಕಡಿಮೆಯ ಷರತ್ತಿನ ಮೇಲೆ’. ಆನ್ ಮೇಲೆ ಒತ್ತು ಬೀಳದೆ ಸವೆದು, ನಿಷೇಧದ ವಾಕ್ಯಗಳ ಸಹವಾಸದಲ್ಲಿ ‘ಅನ್’ ಆಯಿತು. ಮೇಲೆ ಹೇಳಿದ ಫ್ರೆಂಚಿನ ‘ಮುವ್ಞಾ’ ಕೂಡ ‘ಕಡಿಮೆ’ ಎಂಬ ಪದವೇ.

ಈ ಹುಟ್ಟನ್ನು ಅರ್ಥ ಮಾಡಿಕೊಳ್ಳಲು ನಿಮಗಿಂತ ಒಳ್ಳೆಯ ಜಾಗದಲ್ಲಿ ಯಾರೂ ಕುಳಿತಿಲ್ಲ. ಎಪಿಎಂಸಿಯಲ್ಲಿ ಸೋನಾ ಮಸೂರಿ ಭತ್ತ ಹಾಕಿಕೊಂಡು ನಿಂತ ರೈತ ‘ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ’ ಎನ್ನುತ್ತಾನಲ್ಲ, ಅದೇ ಅನ್‌ಲೆಸ್. ಪಾಸು ತೋರಿಸುವುದಕ್ಕಿಂತ ಕಡಿಮೆಗೆ ನಿಮ್ಮ ಲಾರಿ ಹೊರಡುವುದಿಲ್ಲ. ಪಾಸೇ ಅಲ್ಲಿ ಕನಿಷ್ಠ ದರ. ‘ಪಾಸು ತೋರಿಸದೇ ಇರುವುದಕ್ಕಿಂತ ಕಡಿಮೆಗೆ ಲಾರಿ ಬಿಡುವುದಿಲ್ಲ’ ಎಂದು ಹೇಳಿ ನೋಡಿ. ಅದರ ವಿಚಿತ್ರ ಕಿವಿಗೇ ಗೊತ್ತಾಗುತ್ತದೆ.

ಇಷ್ಟು ಕೇಳಿದ ಮೇಲೆ ಶಾಲೆಯ ಸೂತ್ರ ಸರಿಯೇ ಎನಿಸಬಹುದು. ಅನ್‌ಲೆಸ್ ಇದ್ದಲ್ಲಿ ನಾಟ್ ಬರಲೇಬಾರದು ಎಂಬ ಸೂತ್ರ ಪರೀಕ್ಷೆ ದಾಟಿಸಬಹುದು, ಆದರೆ ನಿಜವಲ್ಲ. ‘ಐ ವಿಲ್ ಕಮ್ ಟುಮಾರೋ, ಅನ್‌ಲೆಸ್ ಯು ಡು ನಾಟ್ ವಾಂಟ್ ಮಿ’ ಎಂಬುದು ನಿಷ್ಕಳಂಕ ಇಂಗ್ಲಿಷ್. ನಾಳೆ ಬರುವುದು ಖಂಡಿತ, ನಿಮಗೆ ಬೇಡವಾದರೆ ಮಾತ್ರ ಬಿಡುತ್ತೇನೆ ಎಂದು ಅರ್ಥ. ಇಲ್ಲಿ ಹೊರಗಿಡುತ್ತಿರುವ ಸಂದರ್ಭವೇ ನಿಷೇಧದ್ದು, ನಿಮಗೆ ಬೇಡ ಎನಿಸುವ ಸಂದರ್ಭ. ಆದ್ದರಿಂದ ನಾಟ್ ತನ್ನ ಕೆಲಸಕ್ಕೇ ಬಂದಿದೆ. ‘ನಾಟ್ ಇದೆಯೇ’ ಎಂದು ಹುಡುಕಿ ಕೆಂಪು ಶಾಯಿ ಬಳಿಯುವ ಬದಲು ‘ಯಾವ ಸಂದರ್ಭವನ್ನು ಹೊರಗಿಡುತ್ತಿದ್ದೀಯ’ ಎಂದು ಮಕ್ಕಳನ್ನು ಕೇಳಿದರೆ ಸಾಕು. ಶಿಕ್ಷಕರ ಮೇಲೆ ನನಗೆ ಸಿಟ್ಟಿಲ್ಲ. ಅರವತ್ತು ಮಕ್ಕಳ ತರಗತಿಯಲ್ಲಿ ಸೂತ್ರವೇ ಊರುಗೋಲು, ಗೊತ್ತಿದೆ.

ಈ ವಾಕ್ಯದಲ್ಲಿ ಇನ್ನೊಂದು ವಿಷಯ ಗಮನಿಸಿ. ಅಲ್ಲಿ ಮುಖ್ಯ ಮಾತು ‘ಬರುತ್ತೇನೆ’ ಎಂಬುದು, ಅದರಲ್ಲಿ ನಿಷೇಧವಿಲ್ಲ. ಕನ್ನಡದ ಹೊರತು ಇಂಥ ಕಡೆ ಕಾಲು ಎಳೆಯುತ್ತದೆ. ‘ಮಳೆ ಬಂದ ಹೊರತು ನಾಳೆ ಕಟಾವು ಮಾಡುತ್ತೇವೆ’ ಎಂದು ಯಾರೂ ಹೇಳುವುದಿಲ್ಲ. ‘ಮಳೆ ಬಾರದಿದ್ದರೆ ಕಟಾವು ಮಾಡುತ್ತೇವೆ’ ಎನ್ನುತ್ತೇವೆ, ಇಲ್ಲವೇ ‘ಮಳೆ ಬಂದರೆ ಮಾತ್ರ ನಿಲ್ಲಿಸುತ್ತೇವೆ’ ಎನ್ನುತ್ತೇವೆ. ನಮ್ಮ ಹೊರತಿಗೆ ಮುಂದೆ ಒಂದು ‘ಇಲ್ಲ’ ಬೇಕು. ಇಂಗ್ಲಿಷಿನ ಅನ್‌ಲೆಸ್‌ಗೆ ಆ ಹಂಗಿಲ್ಲ. ನಮ್ಮ ಕಾಯ್ದೆಗಳ ಕನ್ನಡ ಗಂಟಲಲ್ಲಿ ಸಿಕ್ಕಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ‘ಸಂದರ್ಭವು ಅನ್ಯಥಾ ಅಗತ್ಯಪಡಿಸಿದ ಹೊರತು’ ಎಂದು ಶುರುವಾಗಿ ‘ಎಂದರೆ ಇಂಥದ್ದು’ ಎಂದು ಮುಗಿಯುವ ವ್ಯಾಖ್ಯೆಗಳನ್ನು ನೀವು ನೋಡಿರಬಹುದು. ಸಂವಿಧಾನದ 12ನೆಯ ಮತ್ತು 366ನೆಯ ಅನುಚ್ಛೇದಗಳ ಇಂಗ್ಲಿಷಿನಲ್ಲಿ ಸಲೀಸಾಗಿ ಕೂರುವ ಅನ್‌ಲೆಸ್ ಅದು. ಕನ್ನಡಕ್ಕೆ ಬಂದಾಗ ಮುಂದೆ ‘ಇಲ್ಲ’ ಸಿಗದೆ ಒಂಟಿಗಾಲಲ್ಲಿ ನಿಲ್ಲುತ್ತದೆ. ಆದರೆ ನೋಡಿ, ಅಲ್ಲಿ ಭಾಷಾಂತರಕಾರರು ಬಳಸಿರುವುದು ‘ಅಗತ್ಯಪಡಿಸಿದ ಹೊರತು’, ನಿಷೇಧವಿಲ್ಲದ ಹಳೆಯ ರೂಪ. ಅಷ್ಟರ ಮಟ್ಟಿಗೆ ಅವರ ಕಿವಿ ಚುರುಕು.

ಅನ್‌ಲೆಸ್ ಎಂದರೆ ಇಫ್ ನಾಟ್ ಅಲ್ಲವೇ ಎಂದು ಕೇಳಿದ್ದೀರಿ. ಪಠ್ಯಪುಸ್ತಕದ ಕೊನೆಯ ಅಭ್ಯಾಸಗಳಲ್ಲಿ ಒಂದನ್ನು ತೆಗೆದು ಇನ್ನೊಂದು ಹಾಕಿಸುವುದರಿಂದ ಹಾಗೆ ಅನಿಸುತ್ತದೆ. ಬಹಳಷ್ಟು ಕಡೆ ಎರಡೂ ನಡೆಯುತ್ತವೆ. ನಡೆಯದ ಜಾಗಗಳಲ್ಲಿಯೇ ಪದದ ನಿಜವಾದ ಗುಣ ಕಾಣುವುದು.

ದೀಪಾವಳಿಗೆ ಬೋನಸ್ ಕೊಡದಿದ್ದರೆ ಹಮಾಲರಿಗೆ ಬೇಸರವಾಗುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ಇಫ್ ನಾಟ್ ಬರಬೇಕು, ಅನ್‌ಲೆಸ್ ಬರುವುದಿಲ್ಲ. ಏಕೆಂದರೆ ಬೇಸರ ಹುಟ್ಟುವುದೇ ಕೊಡದಿರುವುದರಿಂದ. ಅನ್‌ಲೆಸ್ ಹಾಕಿದರೆ, ಹಮಾಲರು ಹೇಗೂ ಬೇಸರದಲ್ಲಿಯೇ ಇದ್ದಾರೆ, ಬೋನಸ್ ಒಂದೇ ಅದನ್ನು ತಪ್ಪಿಸಬಲ್ಲದು ಎಂಬ ಧ್ವನಿ ಬರುತ್ತದೆ. ಅನ್‌ಲೆಸ್ಸಿನ ಕ್ರಮವೇ ಇದು. ಮೊದಲು ಒಂದು ಮಾತನ್ನು ಗಟ್ಟಿಯಾಗಿ ನಿಲ್ಲಿಸುತ್ತದೆ, ಆಮೇಲೆ ಅದನ್ನು ಕೆಡವಬಲ್ಲ ಒಂದೇ ಒಂದು ಸಂದರ್ಭವನ್ನು ತೋರಿಸುತ್ತದೆ. ಲಾರಿ ನಿಂತೇ ಇದೆ, ಪಾಸು ಬಂದರೆ ಮಾತ್ರ ಚಕ್ರ ಉರುಳುತ್ತದೆ. ಕಟಾವು ಗೊತ್ತಾಗಿದೆ, ಮಳೆ ಬಂದರೆ ಮಾತ್ರ ನಿಲ್ಲುತ್ತದೆ.

ನಡೆದುಹೋದದ್ದರ ಬಗ್ಗೆ ‘ಹೀಗಾಗದೇ ಹೋಗಿದ್ದರೆ’ ಎಂದು ಊಹಿಸುವಾಗಲೂ ಅನ್‌ಲೆಸ್ ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಕ್ರಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ಆ ವಾರವಿಡೀ ಎಡದಂಡೆ ಕಾಲುವೆಯ ಉದ್ದಕ್ಕೂ ಯಾರಿಗೂ ನಿದ್ದೆ ಇರಲಿಲ್ಲ, ನಿಮ್ಮ ಗಿರಣಿಯಲ್ಲೂ ಇರಲಿಕ್ಕಿಲ್ಲ. ವಾರದೊಳಗೆ, ಗೇಟಿನ ಜಾಗ ಮುಚ್ಚುವ ತಾತ್ಕಾಲಿಕ ಉಕ್ಕಿನ ಹಲಗೆಯಾದ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದರು. ‘ಸ್ಟಾಪ್‌ಲಾಗ್ ಇಳಿಸದೇ ಹೋಗಿದ್ದರೆ ಇನ್ನಷ್ಟು ನೀರು ಹರಿದುಹೋಗುತ್ತಿತ್ತು’ ಎಂಬುದನ್ನು ಇಂಗ್ಲಿಷಿನಲ್ಲಿ ‘ಇಫ್ ದೇ ಹ್ಯಾಡ್ ನಾಟ್’ ಎಂದು ಶುರು ಮಾಡಬೇಕು. ‘ಅನ್‌ಲೆಸ್ ದೇ ಹ್ಯಾಡ್’ ಎಂದರೆ ಇಂಗ್ಲಿಷರ ಕಿವಿಗೆ ಕಲ್ಲು ಸಿಕ್ಕಿದಂತಾಗುತ್ತದೆ. ಇಳಿಸಿದ್ದು ಆಗಿಹೋದ ಸಂಗತಿ. ಆಗಿಹೋದದ್ದಕ್ಕೆ ‘ಹೊರತು’ ಎಂಬ ಬಾಗಿಲು ತೆರೆದಿಡುವುದರಲ್ಲಿ ಅರ್ಥವಿಲ್ಲ. ಅನ್‌ಲೆಸ್‌ಗೆ ಬೇಕಾದದ್ದು ಇನ್ನೂ ತೀರ್ಮಾನವಾಗದ ಸಂದರ್ಭ.

ಪ್ರಶ್ನಾರ್ಥಕದಲ್ಲೂ ಹಾಗೆ. ‘ಕಾಲುವೆಗೆ ನೀರು ಬಿಡದಿದ್ದರೆ ಏನು ಮಾಡುತ್ತೀರಿ’ ಎಂದು ಕೇಳುವಾಗ ಇಫ್ ನಾಟ್ ಸಾಕು.

ಕಾಲದ ವಿಷಯ ಎರಡೇ ಮಾತಿನಲ್ಲಿ ಮುಗಿಯುತ್ತದೆ. ಮುಂದೆ ಆಗುವ ಸಂಗತಿಯಾದರೂ ಅನ್‌ಲೆಸ್ಸಿನ ಬೆನ್ನಿಗೆ ವಿಲ್ ಬರುವುದಿಲ್ಲ. ‘ಅನ್‌ಲೆಸ್ ಇಟ್ ರೇನ್ಸ್’ ಸರಿ, ‘ಅನ್‌ಲೆಸ್ ಇಟ್ ವಿಲ್ ರೇನ್’ ಅಲ್ಲ. ಅನ್‌ಲೆಸ್ ಇರುವ ಭಾಗ ಮೊದಲು ಬಂದರೆ ಅದರ ಕೊನೆಗೆ ಅಲ್ಪವಿರಾಮ, ಆಮೇಲೆ ಬಂದರೆ ಸಾಮಾನ್ಯವಾಗಿ ಬೇಡ. ಮುಗಿದ ಮಾತಿಗೆ ಆಮೇಲೆ ನೆನಪಾಗಿ ಸೇರಿಸುವ ಅನ್‌ಲೆಸ್ ಒಂದಿದೆ. ಅಂಗಡಿ ಕಟ್ಟೆಯ ಮೇಲೆ ಕೂತವರು ‘ಅವನಿಗೆ ಕೆಲಸವೇ ಇಲ್ಲ’ ಎಂದು ನಿಲ್ಲಿಸಿ, ಎಲೆಯಡಿಕೆ ಉಗಿದು ಬಂದು, ‘ಊರವರ ಜಗಳ ಬಿಡಿಸುವುದನ್ನು ಕೆಲಸ ಎನ್ನುವುದಾದರೆ ಬೇರೆ’ ಎನ್ನುತ್ತಾರಲ್ಲ, ಅದೇ ಅದು. ಅಂಥ ಅನ್‌ಲೆಸ್ ಬರುವ ಮೊದಲು ಅಡ್ಡಗೆರೆಯನ್ನೋ ಅಲ್ಪವಿರಾಮವನ್ನೋ ಹಾಕಲೇಬೇಕು, ಮತ್ತು ಅದನ್ನು ಯಾವ ಕಾರಣಕ್ಕೂ ಇಫ್ ನಾಟ್ ಮಾಡಲಾಗದು. ನನಗೆ ಅತ್ಯಂತ ಪ್ರಿಯವಾದ ಅನ್‌ಲೆಸ್ ಅದು. ಪಠ್ಯಪುಸ್ತಕಗಳು ಅದನ್ನು ಏಕೆ ಮುಟ್ಟುವುದಿಲ್ಲವೋ.

ಇನ್ನು ಅನ್ಟಿಲ್. ಇದು ಕಾಲದ ಮಾತು, ಅನ್‌ಲೆಸ್ ಷರತ್ತಿನ ಮಾತು. ಮಾಲೀಕರು ‘ನಾನು ಬರುವ ತನಕ ಲಾರಿ ಬಿಡಬೇಡ’ ಎಂದರೆ ಅವರು ಬರುವುದು ಖಚಿತ, ತಡವಾಗಬಹುದು ಅಷ್ಟೇ. ಅದು ಅನ್ಟಿಲ್. ‘ನಾನು ಬಂದ ಹೊರತು ಬಿಡಬೇಡ’ ಎಂದರೆ ಬಾರದೆಯೂ ಇರಬಹುದು, ಲಾರಿ ಅಲ್ಲೇ ರಾತ್ರಿ ಕಳೆಯಬಹುದು. ಅದು ಅನ್‌ಲೆಸ್. ಅನ್ಟಿಲ್ ಜೊತೆಗೂ ನಾಟ್ ಸೇರಿಸುವ ರೂಢಿ ನಮ್ಮ ಕಡೆ ಕಂಡುಬರುತ್ತದೆ, ಆದರೆ ಅದಕ್ಕೆ ಕನ್ನಡವನ್ನು ದೂರುವಂತಿಲ್ಲ. ‘ಬರುವ ತನಕ’, ‘ಬರುವವರೆಗೆ’ ಎಂದು ನಾವು ನಿಷೇಧವಿಲ್ಲದೆಯೇ ಹೇಳುತ್ತೇವೆ. ಹಿಂದಿ ಮತ್ತು ಉರ್ದುವಿನ ‘ಜಬ್ ತಕ್ ನಹೀಂ ಆವೋಗೇ’, ಅಂದರೆ ‘ಎಲ್ಲಿಯ ತನಕ ಬರುವುದಿಲ್ಲವೋ’ ಎಂಬ ಕಟ್ಟಿನಲ್ಲಿ ನಿಷೇಧ ಇದೆ. ರಾಯಚೂರಿನ ಯಾವುದೇ ಓಣಿಯಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತದು. ಕನ್ನಡದ ‘ಬಾರದ ಹೊರತು’ ಒಂದು ಕಡೆ, ಉರ್ದುವಿನ ‘ಜಬ್ ತಕ್ ನಹೀಂ’ ಇನ್ನೊಂದು ಕಡೆ. ನಡುವೆ ಸಿಕ್ಕ ಮಗು ಇಂಗ್ಲಿಷಿನಲ್ಲಿ ನಾಟ್ ಹಾಕದೆ ಬರೆದರೆ ಅದೇ ಆಶ್ಚರ್ಯ.

ನೀವು ಕೇಳದ, ಆದರೆ ಕಾಗದಪತ್ರ ನೋಡುವವರಾದ್ದರಿಂದ ತಿಳಿದಿರಬೇಕಾದ ಒಂದು ವಿಷಯ ಉಳಿದಿದೆ. ಗೊಬ್ಬರದ ಅಂಗಡಿಯವನು ‘ಹಳೆಯ ಬಾಕಿ ತೀರಿಸಿದ ಹೊರತು ಯೂರಿಯಾ ಕೊಡುವುದಿಲ್ಲ’ ಎನ್ನುತ್ತಾನೆ. ರೈತ ಎಲ್ಲಿಂದಲೋ ಹಣ ಹೊಂದಿಸಿ ಬಾಕಿ ಎಣಿಸುತ್ತಾನೆ. ಅಂಗಡಿಯವನು ನೋಟುಗಳನ್ನು ಗಲ್ಲಾಪೆಟ್ಟಿಗೆಗೆ ಹಾಕಿಕೊಂಡು ‘ಮಾಲು ಬಂದಿಲ್ಲ, ಮುಂದಿನ ವಾರ ನೋಡೋಣ’ ಎನ್ನುತ್ತಾನೆ. ಅವನು ಮಾತು ತಪ್ಪಿದನೇ? ವ್ಯಾಕರಣವನ್ನು ಕೇಳಿದರೆ, ಇಲ್ಲ. ಬಾಕಿ ತೀರಿಸದೆ ಕೊಡುವುದಿಲ್ಲ ಎಂದನೇ ಹೊರತು, ತೀರಿಸಿದರೆ ಕೊಟ್ಟೇ ಕೊಡುತ್ತೇನೆ ಎನ್ನಲಿಲ್ಲ. ಅನ್‌ಲೆಸ್ ಕೂಡ ಹೀಗೆಯೇ. ಅದು ಅಗತ್ಯವನ್ನು ಹೇಳುತ್ತದೆ, ಅಷ್ಟಿದ್ದರೆ ಸಾಕು ಎಂದು ಹೇಳುವುದಿಲ್ಲ. ಸಂವಿಧಾನದ 58ನೆಯ ಅನುಚ್ಛೇದ ತೆಗೆಯಿರಿ. ಭಾರತದ ಪ್ರಜೆಯಾಗಿದ್ದು, ಮೂವತ್ತೈದು ವರ್ಷ ತುಂಬಿ, ಲೋಕಸಭೆಯ ಸದಸ್ಯನಾಗಲು ಅರ್ಹನಾಗಿದ್ದ ಹೊರತು ಯಾರೂ ರಾಷ್ಟ್ರಪತಿಯಾಗಿ ಆಯ್ಕೆಯಾಗಲು ಅರ್ಹರಲ್ಲ ಎಂದು ಅಲ್ಲಿ ಅನ್‌ಲೆಸ್ ಹಾಕಿ ಬರೆದಿದೆ. ಮೂವತ್ತೈದು ತುಂಬಿದ ದಿನ ನನಗೆ ದೆಹಲಿಯಿಂದ ಯಾವ ಕಾಗದವೂ ಬರಲಿಲ್ಲ.

ಆದರೂ ಅಂಗಡಿಯವನ ಬಗ್ಗೆ ರೈತನ ಸಿಟ್ಟು ನ್ಯಾಯವಾದದ್ದೇ. ದಿನದ ವ್ಯವಹಾರದಲ್ಲಿ ‘ಬಾಕಿ ಕೊಟ್ಟ ಹೊರತು ಇಲ್ಲ’ ಎಂದರೆ ಕೊಟ್ಟರೆ ಉಂಟು ಎಂದೇ ಕೇಳುವವರು ತಿಳಿಯುತ್ತಾರೆ, ಹೇಳುವವನಿಗೂ ಅದು ಗೊತ್ತಿರುತ್ತದೆ. ಕರಾರು ಓದುವಾಗ ಮಾತ್ರ ಆ ಸಲುಗೆ ಬೇಡ. ಸಾಲಪತ್ರದಲ್ಲೋ ಗೋದಾಮಿನ ಬಾಡಿಗೆ ಕರಾರಿನಲ್ಲೋ ಅನ್‌ಲೆಸ್ ಕಂಡರೆ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಳ್ಳಿ: ‘ಇದಿಲ್ಲದೆ ಆಗದು, ಇದಿದ್ದರೂ ಆಗದಿರಬಹುದು.’

ಮಗಳು ಒಂಬತ್ತನೆಯ ತರಗತಿ ಎಂದಿರಿ. ಹಾಗಾದರೆ ನ್ಯೂಟನ್ನನ ಮೊದಲ ನಿಯಮ ಅವಳ ವಿಜ್ಞಾನ ಪುಸ್ತಕದಲ್ಲಿ ಇರುತ್ತದೆ. ಹೊರಗಿನ ಬಲ ಬದಲಿಸುವಂತೆ ಒತ್ತಾಯಿಸಿದ ಹೊರತು ವಸ್ತು ತಾನಿದ್ದ ಸ್ಥಿತಿಯನ್ನು ಬಿಡುವುದಿಲ್ಲ ಎಂಬುದು ಅದರ ಸಾರ. ನ್ಯೂಟನ್ 1687ರಲ್ಲಿ ಬರೆದದ್ದು ಲ್ಯಾಟಿನ್ನಿನಲ್ಲಿ, ಅಲ್ಲಿರುವುದು ‘ನಿಸಿ ಕ್ವಾಟೆನುಸ್’. 1729ರಲ್ಲಿ ಆಂಡ್ರ್ಯೂ ಮೊಟ್ ಇಂಗ್ಲಿಷಿಗೆ ತಂದಾಗ ಅದನ್ನು ಅನ್‌ಲೆಸ್ ಎಂದ, ಎಲ್ಲ ಶಾಲೆಗಳಿಗೂ ಅದೇ ಹಬ್ಬಿತು. ಲ್ಯಾಟಿನ್ನಿನ ಆ ಮಾತಿಗೆ ‘ಎಷ್ಟರ ಮಟ್ಟಿಗೆ ಒತ್ತಾಯಿಸಿದೆಯೋ ಅಷ್ಟನ್ನು ಬಿಟ್ಟು’ ಎಂಬ ಅಳತೆಯ ಅರ್ಥ ಇದೆ. 1999ರಲ್ಲಿ ಬಂದ ಕೋಹೆನ್ ಮತ್ತು ವಿಟ್ಮನ್ ಅವರ ಅನುವಾದದಲ್ಲಿ ಅನ್‌ಲೆಸ್ ಬಿಟ್ಟು ಈ ಅಳತೆಯ ಅರ್ಥವನ್ನೇ ಹಿಡಿದಿದ್ದಾರೆ. ಅನ್‌ಲೆಸ್‌ಗೆ ಅಳತೆ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಬಾಗಿಲು ತೆರೆಯುವುದು ಮತ್ತು ಮುಚ್ಚುವುದು ಎರಡೇ. ಮಗಳಿಗೆ ಇಂಗ್ಲಿಷ್ ಬೇಸರವಾಗಿ ವಿಜ್ಞಾನ ಇಷ್ಟವಾಗಿದ್ದರೆ ಈ ಕಡೆಯಿಂದ ಶುರು ಮಾಡಿ.

ಫಲಕಕ್ಕೆ ಬರುತ್ತೇನೆ. ಅನ್‌ಲೆಸ್ ಬೇಕೇ ಬೇಕು ಎಂದರೆ ‘ನೋ ಲಾರಿ ವಿಲ್ ಲೀವ್ ಅನ್‌ಲೆಸ್ ದಿ ಗೇಟ್ ಪಾಸ್ ಈಸ್ ಶೋನ್’ ಎಂದು ಬರೆಯಿಸಿ. ನೀವು ಬರೆದದ್ದರಲ್ಲಿ ಎರಡು ನಾಟ್ ಇದ್ದವು. ಎರಡನೆಯದು ಇಲ್ಲಿ ‘ನೋ’ ಆಗಿ ಉಳಿದಿದೆ, ತೆಗೆದದ್ದು ಮೊದಲನೆಯದನ್ನು ಮಾತ್ರ. ಆದರೆ ನನ್ನನ್ನು ಕೇಳಿದರೆ ಫಲಕಕ್ಕೆ ಅನ್‌ಲೆಸ್ ಭಾರ. ‘ನೋ ಎಕ್ಸಿಟ್ ವಿದೌಟ್ ಗೇಟ್ ಪಾಸ್’ ಎಂದರೆ ಐದೇ ಪದಗಳಲ್ಲಿ ಕೆಲಸ ಮುಗಿಯಿತು, ಅಕ್ಷರಗಳನ್ನೂ ದಪ್ಪ ಮಾಡಿಸಬಹುದು. ಅದರ ಮೇಲೆ, ಅದಕ್ಕಿಂತ ದೊಡ್ಡದಾಗಿ, ಕನ್ನಡದಲ್ಲಿ ‘ಗೇಟ್ ಪಾಸ್ ಇಲ್ಲದೆ ಲಾರಿ ಬಿಡುವುದಿಲ್ಲ’ ಎಂದು ಹಾಕಿಸಿ. ಆಂಧ್ರ, ತೆಲಂಗಾಣದ ಲಾರಿಗಳು ನಿಮ್ಮಲ್ಲಿಗೆ ಬರುತ್ತಿದ್ದರೆ ತೆಲುಗಿನಲ್ಲೂ ಒಂದು ಸಾಲು ಇರಲಿ. ಮಾಲೀಕರ ಮಗನಿಗೆ ಬೇಕಾದರೆ, ಆ ತೆಲುಗು ಸಾಲಿನಲ್ಲಿ ‘ತಪ್ಪ’ ಎಲ್ಲಿ ಬರಬೇಕು ಎಂದು ನೀವೇ ಒಮ್ಮೆ ಕೇಳಿ ನೋಡಿ.